ಡೊನೆಗಾಲ್, ಸ್ಲೈಗೋ ಕಡೆಗೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸಿಗೆ ಹತ್ತಿರವಾಗುತ್ತಿದ್ದಂತೆ ಐರ್ಲೆಂಡಿನಲ್ಲಿರುವ ನಮ್ಮವರಿಂದ ಒಂದೇ ಬಗೆಯ ಪ್ರಶ್ನೆಗಳು ಬರತೊಡಗುತ್ತವೆ. ಡಬ್ಲಿನ್‌ನಲ್ಲಿ ಓದುತ್ತಿರುವವರು, ಕೆಲಸಕ್ಕೆ ಬಂದವರು, ಊರಿನಿಂದ ಬಂದ ಅಪ್ಪ ಅಮ್ಮನನ್ನು ಎಲ್ಲಿಗೆ ಕರೆದುಕೊಂಡು ಹೋಗುವುದೆಂದು ತಲೆ ಕೆರೆದುಕೊಳ್ಳುವವರು ಎಲ್ಲರೂ ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ವಾಯವ್ಯ ಐರ್ಲೆಂಡ್ ಎಂದರೆ ನಿಖರವಾಗಿ ಯಾವ ಭಾಗ?

ಮುಖ್ಯವಾಗಿ ಡೊನೆಗಾಲ್ ಮತ್ತು ಸ್ಲೈಗೋ ಕೌಂಟಿಗಳು. ಇವೆರಡರ ನಡುವೆ ಲೀಟ್ರಿಮ್ ಕೌಂಟಿಯ ಒಂದು ಚೂರು ಕರಾವಳಿ ಇದೆ. ಐದು ಕಿಲೋಮೀಟರಿಗೂ ಕಡಿಮೆ ಉದ್ದದ ಇದು, ಕಡಲಿರುವ ಐರಿಷ್ ಕೌಂಟಿಗಳ ಪೈಕಿ ಅತಿ ಚಿಕ್ಕ ತೀರ. ಮೇಯೋ ಕೌಂಟಿಯ ಉತ್ತರ ಭಾಗವನ್ನೂ ಕೆಲವರು ಸೇರಿಸಿಕೊಳ್ಳುತ್ತಾರೆ. ಆದರೆ ಒಂದೇ ಪ್ರವಾಸದಲ್ಲಿ ಅದನ್ನೂ ತುರುಕಿದರೆ ಕಾರಿನೊಳಗೆ ಕುಳಿತದ್ದಷ್ಟೇ ನೆನಪಿನಲ್ಲಿ ಉಳಿಯುತ್ತದೆ.

ಡೊನೆಗಾಲ್‌ನ ಭೂಪಟವನ್ನು ಒಮ್ಮೆ ನೋಡಿ. ಅದು ಐರ್ಲೆಂಡ್ ಗಣರಾಜ್ಯಕ್ಕೆ ಸೇರಿದ ಕೌಂಟಿ. ಆದರೂ ಲೀಟ್ರಿಮ್ ಜೊತೆಗಿನ ಕಿರಿದಾದ ಗಡಿಯೊಂದನ್ನು ಬಿಟ್ಟರೆ ಉಳಿದ ಭೂಗಡಿಯೆಲ್ಲ ಬ್ರಿಟನ್ನಿನ ಆಳ್ವಿಕೆಯ ಉತ್ತರ ಐರ್ಲೆಂಡಿನೊಂದಿಗೇ ಇದೆ. ದೇಶ ವಿಭಜನೆಯಾದಾಗ ಹೀಗೆ ಬದಿಗೆ ಉಳಿದುಬಿಟ್ಟ ಮೂಲೆ ಇದು. ರೈಲಿಲ್ಲ, ಹೆದ್ದಾರಿಗಳು ಕಡಿಮೆ, ದೊಡ್ಡ ನಗರವಿಲ್ಲ. ಜನರಾಡುವ 'ದಕ್ಷಿಣ'ಕ್ಕೆ ಸೇರಿದ ಮ್ಯಾಲಿನ್ ಹೆಡ್, 'ಉತ್ತರ' ಐರ್ಲೆಂಡಿನ ಯಾವ ಊರಿಗಿಂತಲೂ ಉತ್ತರಕ್ಕಿದೆ ಎಂಬುದು ಇಲ್ಲಿಯವರ ಹಳೆಯ ತಮಾಷೆ.

ಮೋಹರ್ ಬಂಡೆಗಳನ್ನು ನೋಡಿಯಾಯಿತು. ಮತ್ತೆ ಅಷ್ಟು ದೂರ ಹೋಗಿ ಇನ್ನೊಂದು ಕಡಲ ಬಂಡೆಯನ್ನೇ ನೋಡಬೇಕೇ?

ನೋಡಬೇಕು. ಮೋಹರ್ ಬಂಡೆಗಳ ಗರಿಷ್ಠ ಎತ್ತರ 214 ಮೀಟರ್. ಡೊನೆಗಾಲ್‌ನ ನೈಋತ್ಯ ತುದಿಯಲ್ಲಿರುವ ಸ್ಲೀವ್ ಲೀಗ್ 601 ಮೀಟರ್, ಅಂದರೆ ಹತ್ತಿರ ಹತ್ತಿರ ಮೂರು ಪಟ್ಟು. ಆದರೆ ಎತ್ತರದ ಲೆಕ್ಕ ಹಿಡಿದು ಹೋದವರಿಗೆ ಮೊದಲು ಸ್ವಲ್ಪ ನಿರಾಸೆಯಾಗಬಹುದು. ಮೋಹರ್ ಗೋಡೆಯಂತೆ ನೆಟ್ಟಗೆ ಇಳಿಯುತ್ತದೆ. ಸ್ಲೀವ್ ಲೀಗ್ ಹಾಗಲ್ಲ. ಅಲ್ಲಿ ಇಡೀ ಒಂದು ಬೆಟ್ಟವನ್ನು ಕಡಲು ತಿಂದು ಅರ್ಧ ಉಳಿಸಿದೆ. ಹಿಂಬದಿಯಲ್ಲಿ ಕುರಿ ಮೇಯುವ ಸಾಮಾನ್ಯ ಇಳಿಜಾರು, ಮುಂಬದಿಯಲ್ಲಿ ಕಡಿದಾಗಿ ಕುಸಿದ ಎದೆ. ಬನ್‌ಗ್ಲಾಸ್ ಎಂಬ ನೋಟದ ತಾಣದಲ್ಲಿ ನಿಂತು ನೋಡಿದರೆ ಆ ಎದೆಯ ಮೇಲೆ ಕಬ್ಬಿಣದ ತುಕ್ಕಿನ ಕೆಂಪು, ಕಾವಿ, ಹಳದಿ, ಬಿಳಿ ಬೆಣಚುಶಿಲೆಯ ಗೆರೆಗಳು ಬಿಸಿಲು ಬಂದಾಗ ಒಂದೊಂದಾಗಿ ಮೇಲೇಳುತ್ತವೆ. ಕೆಳಗೆ ನೀರಿನಲ್ಲಿ ಹೋಗುವ ದೋಣಿಯನ್ನು ಹುಡುಕಿ ಕಂಡುಹಿಡಿದ ಮೇಲೆಯೇ ಬೆಟ್ಟದ ನಿಜವಾದ ಗಾತ್ರ ತಲೆಗೆ ಇಳಿಯುವುದು.

ಇದನ್ನು ಯುರೋಪಿನ ಅತಿ ಎತ್ತರದ ಕಡಲ ಬಂಡೆ ಎಂದು ಜಾಹೀರಾತುಗಳು ಹೇಳುವುದುಂಟು. ನಂಬಬೇಡಿ. ಇದೇ ದೇಶದಲ್ಲಿ, ಮೇಯೋದ ಆಕಿಲ್ ದ್ವೀಪದ ಕ್ರೋಹಾನ್ ಬಂಡೆಗಳು 688 ಮೀಟರ್ ಇವೆ. ಅಲ್ಲಿಗೆ ರಸ್ತೆಯಿಲ್ಲ, ಆದ್ದರಿಂದ ಜಾಹೀರಾತೂ ಇಲ್ಲ.

ಕೆಳಗಿನ ನಿಲುಗಡೆಯಿಂದ ಬನ್‌ಗ್ಲಾಸ್‌ಗೆ ನಡೆದೇ ಹೋಗಿ. ದಾರಿಯಲ್ಲಿ ಕ್ಯಾರಿಗನ್ ಹೆಡ್ ಮೇಲೆ ನೆಪೋಲಿಯನ್ ಕಾಲದ ಕಾವಲು ಗೋಪುರ ಸಿಗುತ್ತದೆ. ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳಿಗೆ 'ಇದು ತಟಸ್ಥ ದೇಶ' ಎಂದು ತಿಳಿಸಲು ನೆಲದ ಮೇಲೆ ಕಲ್ಲುಗಳಿಂದ ಬರೆದ 'ಏರಾ' ಎಂಬ ದೇಶದ ಹೆಸರೂ ಕಾಣುತ್ತದೆ. ನಡೆಯಲಾಗದ ಹಿರಿಯರಿದ್ದರೆ ಪ್ರವಾಸಿ ಕೇಂದ್ರದಿಂದ ಶಟಲ್ ಬಸ್ ಇದೆ. 'ಒಬ್ಬನೇ ನಡೆಯುವ ದಾರಿ' ಎಂದು ಹೆಸರಾದ ಮೇಲಿನ ಏಣುಗಲ್ಲಿನ ಹಾದಿ ಗಾಳಿ ಬೀಸುವ ದಿನಕ್ಕಲ್ಲ, ಮಂಜು ಮುಸುಕಿದ ದಿನಕ್ಕಂತೂ ಅಲ್ಲವೇ ಅಲ್ಲ.

ಡಬ್ಲಿನ್‌ನಿಂದ ಹೋಗುವಾಗ ಉತ್ತರ ಐರ್ಲೆಂಡ್ ದಾಟಬೇಕಂತೆ. ಭಾರತೀಯ ಪಾಸ್‌ಪೋರ್ಟ್ ಇರುವವರು ಏನು ಮಾಡಬೇಕು?

ಹೆಚ್ಚಿನವರು ಅರಿಯದೆ ಎಡವುವ ಜಾಗ ಇದೇ. ಡಬ್ಲಿನ್‌ನಿಂದ ಡೊನೆಗಾಲ್ ಕೌಂಟಿಯ ಲೆಟರ್‌ಕೆನಿ ಪಟ್ಟಣಕ್ಕೆ ಹತ್ತಿರದ ರಸ್ತೆ ಮಾನಹನ್ ದಾಟಿ ಉತ್ತರ ಐರ್ಲೆಂಡಿನ ಓಮಾ ಊರಿನ ಮೂಲಕ ಹೋಗುತ್ತದೆ. ಡೊನೆಗಾಲ್ ಪಟ್ಟಣಕ್ಕೆ ಹತ್ತಿರದ ದಾರಿಯೂ ಎನಿಸ್ಕಿಲೆನ್ ಮೂಲಕ, ಅದೂ ಉತ್ತರದಲ್ಲೇ. ಗಡಿಯಲ್ಲಿ ಗೇಟಿಲ್ಲ, ಕಾವಲಿಲ್ಲ. ವೇಗದ ಫಲಕಗಳು ಕಿಲೋಮೀಟರಿನಿಂದ ಮೈಲಿಗೆ ಬದಲಾಗುವುದೊಂದೇ ಗುರುತು. ಆದರೆ ಕಾನೂನಿನ ಪ್ರಕಾರ ನೀವು ಬ್ರಿಟನ್ನಿಗೆ ಕಾಲಿಟ್ಟಿರುತ್ತೀರಿ. ಐರ್ಲೆಂಡಿನ ವಾಸದ ಪರವಾನಗಿ ಕಾರ್ಡ್ ಇದ್ದ ಮಾತ್ರಕ್ಕೆ ಅಲ್ಲಿಗೆ ಹೋಗುವ ಹಕ್ಕು ಬರುವುದಿಲ್ಲ. ಭಾರತೀಯ ಪ್ರಜೆಗೆ ಬ್ರಿಟನ್ನಿನ ವೀಸಾ ಬೇಕು. 'ಯಾರೂ ನೋಡುವುದಿಲ್ಲ ಬಿಡಿ' ಎನ್ನುವವರ ಮಾತು ಕೇಳಬೇಡಿ. ಬಸ್ಸುಗಳಲ್ಲಿ ಆಗಾಗ ತಪಾಸಣೆ ನಡೆಯುತ್ತದೆ, ಮುಂದಿನ ವೀಸಾ ಅರ್ಜಿಗಳಿಗೆ ಅದು ಕಪ್ಪು ಚುಕ್ಕೆಯಾಗುತ್ತದೆ.

ಭಾರತದಿಂದ ಅಲ್ಪಾವಧಿ ಭೇಟಿಗೆ ಬರುವವರಿಗೆ ಬ್ರಿಟಿಷ್-ಐರಿಷ್ ವೀಸಾ ಯೋಜನೆ ಇದೆ. ವೀಸಾದ ಮೇಲೆ ಬಿ.ಐ.ವಿ.ಎಸ್. ಎಂಬ ಅಕ್ಷರಗಳಿದ್ದರೆ ಎರಡೂ ಕಡೆ ಓಡಾಡಬಹುದು. ಷರತ್ತೆಂದರೆ, ಮೊದಲು ವೀಸಾ ಕೊಟ್ಟ ದೇಶಕ್ಕೇ ಬಂದಿಳಿಯಬೇಕು. ಊರಿನಿಂದ ಬರುವ ತಂದೆತಾಯಿಯರ ವೀಸಾದಲ್ಲಿ ಈ ಅಕ್ಷರಗಳಿವೆಯೇ ಎಂದು ಟಿಕೆಟ್ ಮಾಡಿಸುವ ಮುನ್ನವೇ ನೋಡಿಕೊಳ್ಳಿ. ಅವರಿಗೆ ಇದ್ದು ನಿಮಗೇ ಇಲ್ಲದ ಪರಿಸ್ಥಿತಿಯೂ ಬರುತ್ತದೆ. ಷೆಂಗೆನ್ ವೀಸಾ ಎರಡು ಕಡೆಯೂ ನಡೆಯುವುದಿಲ್ಲ.

ವೀಸಾ ಇಲ್ಲದಿದ್ದರೂ ದಾರಿ ಇದೆ. ಡಬ್ಲಿನ್‌ನಿಂದ ಎನ್4 ಹಿಡಿದು ಸ್ಲೈಗೋ, ಅಲ್ಲಿಂದ ಎನ್15 ಹಿಡಿದು ಬಂಡೋರನ್, ಬ್ಯಾಲಿಶಾನನ್, ಡೊನೆಗಾಲ್ ಪಟ್ಟಣ. ಈ ಹಾದಿ ಪೂರ್ತಿ ಗಣರಾಜ್ಯದೊಳಗೇ ಇದೆ. ಸ್ವಲ್ಪ ಸುತ್ತು, ಆದರೆ ಬೆನ್‌ಬುಲ್ಬೆನ್ ಬೆಟ್ಟದ ಬುಡದಲ್ಲೇ ಹಾದುಹೋಗುವುದರಿಂದ ನಷ್ಟವೇನೂ ಇಲ್ಲ. ಮೊಬೈಲಿನ ನಕ್ಷೆ ಮಾತ್ರ ಪ್ರತಿ ತಿರುವಿನಲ್ಲೂ ಹತ್ತಿರದ ದಾರಿ ತೋರಿಸುತ್ತಲೇ ಇರುತ್ತದೆ, ಎಚ್ಚರ.

ರೈಲು, ಬಸ್ಸಿನಲ್ಲಿ ಹೋಗಬಹುದೇ?

ಸ್ಲೈಗೋವರೆಗೆ ಡಬ್ಲಿನ್‌ನ ಕಾನಲಿ ನಿಲ್ದಾಣದಿಂದ ರೈಲಿದೆ, ಸುಮಾರು ಮೂರು ಗಂಟೆ. ಡೊನೆಗಾಲ್‌ನಲ್ಲಿ ರೈಲೇ ಇಲ್ಲ. ಒಂದು ಕಾಲದಲ್ಲಿ ಕೌಂಟಿಯ ತುಂಬ ಕಿರುಗೇಜ್ ಹಳಿಗಳಿದ್ದವು. 1959ರ ಕೊನೆಗೆ ಆ ಹಳಿಗಳ ಮೇಲಿನ ಪ್ರಯಾಣಿಕರ ಕೊನೆಯ ಗಾಡಿಯೂ ನಿಂತಿತು. ಕ್ರೀಸ್ಲಾ ಊರಿನ ಬಳಿ ಓವೆನ್‌ಕ್ಯಾರೋ ಕಣಿವೆಯಲ್ಲಿ ಹಳೆಯ ರೈಲು ಸೇತುವೆಯ ಕಲ್ಲಿನ ಕಂಬಗಳು ಇನ್ನೂ ನಿಂತಿವೆ. 1925ರ ಜನವರಿ 30ರ ರಾತ್ರಿ ಆ ಸೇತುವೆಯ ಮೇಲೆ ಹೋಗುತ್ತಿದ್ದ ಗಾಡಿಯ ಬೋಗಿಗಳನ್ನು ಬಿರುಗಾಳಿ ಹಳಿಯಿಂದ ಎತ್ತಿಹಾಕಿತು, ನಾಲ್ವರು ಸತ್ತರು. ಇಲ್ಲಿಯ ಗಾಳಿಯ ಬಗ್ಗೆ ಯಾರಾದರೂ ಎಚ್ಚರಿಸಿದರೆ ಅದು ಸುಮ್ಮನೆ ಆಡುವ ಮಾತಲ್ಲ ಎಂಬುದಕ್ಕಾಗಿ ಇದನ್ನು ಹೇಳಿದೆ.

ಬಸ್ಸುಗಳಿವೆ. ಗಾಲ್ವೇಯಿಂದ ಸ್ಲೈಗೋ, ಡೊನೆಗಾಲ್ ಪಟ್ಟಣದ ಮೂಲಕ ಲೆಟರ್‌ಕೆನಿಗೆ ಬರುವ 64ನೇ ನಂಬರಿನ ಬಸ್ ಲೆಟರ್‌ಕೆನಿವರೆಗೆ ಗಡಿ ದಾಟುವುದಿಲ್ಲ. ಡಬ್ಲಿನ್‌ನಿಂದ ನೇರ ಬರುವ 30 ಮತ್ತು 32 ದಾಟುತ್ತವೆ. ಪಟ್ಟಣ ತಲುಪಿದ ಮೇಲೆ ಕಡಲ ಅಂಚಿಗೆ ಹೋಗಲು ದಿನಕ್ಕೆ ಬೆರಳೆಣಿಕೆಯ ಗ್ರಾಮೀಣ ಬಸ್ಸುಗಳು ಮಾತ್ರ. ಡಬ್ಲಿನ್‌ನಿಂದ ಕ್ಯಾರಿಕ್‌ಫಿನ್ ವಿಮಾನ ನಿಲ್ದಾಣಕ್ಕೆ ಚಿಕ್ಕ ವಿಮಾನವಿದೆ. ರನ್‌ವೇ ಸಮುದ್ರ ತೀರದ ಮರಳಿಗೇ ಅಂಟಿಕೊಂಡಿದೆ, ಬಿಸಿಲಿದ್ದ ದಿನ ಕಿಟಕಿಯ ಸೀಟಿಗೆ ಕೊಟ್ಟ ಹಣ ದಂಡವಾಗುವುದಿಲ್ಲ.

ಕಾರು ಓಡಿಸುವುದು ಕಷ್ಟವೇ?

ಎಡಬದಿಯ ಸಂಚಾರ, ನಮ್ಮಲ್ಲಿಯಂತೆಯೇ. ಭೇಟಿಗೆ ಬಂದವರು ಭಾರತದ ಪರವಾನಗಿಯಲ್ಲೇ ಓಡಿಸಬಹುದು. ಬಾಡಿಗೆ ಕಂಪನಿಯ ಷರತ್ತುಗಳನ್ನು ಮಾತ್ರ ಮೊದಲೇ ಓದಿಕೊಳ್ಳಿ. ಇಲ್ಲಿ ಗೇರ್ ಕಾರುಗಳೇ ಹೆಚ್ಚು ಅಗ್ಗ. ತೊಂದರೆ ಇರುವುದು ರಸ್ತೆಯ ಅಗಲದಲ್ಲಿ. ಹಲವು ಹಳ್ಳಿ ರಸ್ತೆಗಳಲ್ಲಿ ಒಂದೇ ಗಾಡಿಗೆ ಜಾಗ, ನಡುವೆ ಹುಲ್ಲು, ಎರಡೂ ಕಡೆ ಕಲ್ಲಿನ ಗೋಡೆ. ಎದುರು ಟ್ರ್ಯಾಕ್ಟರ್ ಬಂದರೆ ಯಾರಿಗೆ ಹಿಂದೆ ಅಗಲವಾದ ಜಾಗ ಹತ್ತಿರವೋ ಅವರು ಹಿಂದಕ್ಕೆ ಹೋಗಬೇಕು. ದಾರಿ ಬಿಟ್ಟವರಿಗೆ ಸ್ಟೀರಿಂಗ್ ಮೇಲಿನ ಒಂದು ಬೆರಳೆತ್ತಿ ವಂದಿಸುವುದು ಇಲ್ಲಿಯ ವಾಡಿಕೆ, ಮರೆಯಬೇಡಿ. ಸ್ಥಳೀಯ ಗ್ರಾಮೀಣ ರಸ್ತೆಗಳ ಸಾಮಾನ್ಯ ವೇಗಮಿತಿಯನ್ನು 2025ರ ಫೆಬ್ರವರಿಯಲ್ಲಿ 80ರಿಂದ 60 ಕಿಲೋಮೀಟರಿಗೆ ಇಳಿಸಿದ್ದಾರೆ. ಗ್ಲೆಂಗೆಶ್ ಘಾಟಿಯ ತಿರುವುಗಳಲ್ಲಿ ಅರವತ್ತೂ ಹುಚ್ಚುತನವೇ.

ಯಾವಾಗಲೂ ಮಳೆಯಂತೆ, ನಿಜವೇ?

ಆಗುಂಬೆಯ ಮಳೆ ಕಂಡವರು ಈ ಪ್ರಶ್ನೆ ಕೇಳಿದರೆ ನಗು ಬರುತ್ತದೆ. ಮ್ಯಾಲಿನ್ ಹೆಡ್‌ನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 1,100 ಮಿಲಿಮೀಟರ್. ಬೆಂಗಳೂರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಬೆಟ್ಟಗಳ ಮೇಲೆ ಇದಕ್ಕಿಂತ ಜಾಸ್ತಿ. ವ್ಯತ್ಯಾಸವಿರುವುದು ಬೀಳುವ ಬಗೆಯಲ್ಲಿ. ನಮ್ಮಲ್ಲಿ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುವುದನ್ನು ಇಲ್ಲಿ ವರ್ಷದ ಹನ್ನೆರಡೂ ತಿಂಗಳಿಗೆ ಹಂಚಿ, ಜಿನುಗಾಗಿ, ಅಡ್ಡಡ್ಡ ಗಾಳಿಯೊಂದಿಗೆ ಕೊಡುತ್ತಾರೆ. ಕೊಡೆ ಪ್ರಯೋಜನವಿಲ್ಲ, ಐದು ನಿಮಿಷದಲ್ಲಿ ತಿರುಗಿ ಮುರಿಯುತ್ತದೆ. ಟೋಪಿಯಿರುವ ಒಳ್ಳೆಯ ಮಳೆಯಂಗಿ ಮತ್ತು ನೀರು ಹಿಡಿಯದ ಬೂಟು ತನ್ನಿ.

ಏಪ್ರಿಲ್ ಕೊನೆಯಿಂದ ಜೂನ್ ಮಧ್ಯದವರೆಗಿನ ಕಾಲ ನನ್ನ ಆಯ್ಕೆ. ಕಾಡುಮುಳ್ಳಿನ ಗೋರ್ಸ್ ಗಿಡಗಳು ಹಳದಿ ಹೂ ಬಿಟ್ಟಿರುತ್ತವೆ, ಜೂನ್‌ನಲ್ಲಿ ರಾತ್ರಿ ಹತ್ತರ ನಂತರವೂ ಬೆಳಕಿರುತ್ತದೆ, ಪ್ರಾಥಮಿಕ ಶಾಲೆಗಳ ರಜೆ ಇನ್ನೂ ಶುರುವಾಗಿರುವುದಿಲ್ಲ. ಜುಲೈನಲ್ಲೂ ಕಡಲತೀರದ ಸರಾಸರಿ ಉಷ್ಣತೆ 15 ಡಿಗ್ರಿಯ ಆಸುಪಾಸು. ಅದನ್ನೇ ಇಲ್ಲಿಯವರು ಬೇಸಿಗೆ ಎನ್ನುತ್ತಾರೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಅಟ್ಲಾಂಟಿಕ್‌ನ ಬೆಚ್ಚಗಿನ ಪ್ರವಾಹದ ದಯೆಯಿಂದ ಕರಾವಳಿಯಲ್ಲಿ ಹಿಮ ಅಪರೂಪ, ಬಿರುಗಾಳಿ ಮಾತ್ರ ಧಾರಾಳ.

ಎರಿಗಲ್ ಬೆಟ್ಟ ಹತ್ತಲು ಪರ್ವತಾರೋಹಣದ ಅನುಭವ ಬೇಕೇ?

ಬೇಡ. ಕುಮಾರಪರ್ವತ ಹತ್ತಿದವರಿಗೆ ಇದು ಅರ್ಧ ದಿನದ ಕೆಲಸವೂ ಅಲ್ಲ. 751 ಮೀಟರ್ ಎತ್ತರದ ಎರಿಗಲ್ ಡೊನೆಗಾಲ್‌ನ ಅತಿ ಎತ್ತರದ ಬೆಟ್ಟ. ಡನ್‌ಲೂಯಿ ಬಳಿಯ ರಸ್ತೆಯ ಬದಿಯಲ್ಲೇ ಹಾದಿ ಶುರುವಾಗುತ್ತದೆ. ಕೆಳಭಾಗದ ಕೆಸರು ನೆಲ ಸಾವಿರಾರು ಕಾಲುಗಳ ತುಳಿತಕ್ಕೆ ಸಿಕ್ಕಿ ಹಾಳಾಗಿತ್ತು, ಇತ್ತೀಚಿನ ವರ್ಷಗಳಲ್ಲಿ ಕಲ್ಲು ಹಾಸಿ ಸರಿಪಡಿಸಿದ್ದಾರೆ. ಮೇಲೆ ಹೋದಂತೆ ಬೆಣಚುಶಿಲೆಯ ಸಡಿಲ ಚೂರುಗಳು ಕಾಲಡಿ ಜಾರುತ್ತವೆ. ತುದಿಯಲ್ಲಿ ಎರಡು ಶಿಖರಗಳು, ನಡುವೆ ಕಿರಿದಾದ ಏಣು. ಹತ್ತಿ ಇಳಿಯಲು ಮೂರು ಗಂಟೆ ಇಟ್ಟುಕೊಳ್ಳಿ. ದೂರದಿಂದ ಹಿಮ ಬಿದ್ದಂತೆ ಬೆಳ್ಳಗೆ ಕಾಣುವುದು ಆ ಕಲ್ಲಿನ ಬಣ್ಣ. ಸೂರ್ಯ ಮುಳುಗುವ ಹೊತ್ತಿಗೆ ಅದು ಗುಲಾಬಿಗೆ ತಿರುಗುತ್ತದೆ.

ಪಕ್ಕದ ಮಕಿಶ್ (666 ಮೀಟರ್) ತಲೆ ಕತ್ತರಿಸಿದಂತೆ ಚಪ್ಪಟೆ. ಅದರ ಮೇಲಿನ ಶುದ್ಧ ಬಿಳಿ ಮರಳನ್ನು ಒಂದು ಕಾಲದಲ್ಲಿ ಗಾಜು ತಯಾರಿಸಲು ಗಣಿ ತೋಡಿ ಸಾಗಿಸುತ್ತಿದ್ದರು. ಗಣಿಗಾರರ ದಾರಿಯಲ್ಲಿ ಹತ್ತುವುದು ಎರಿಗಲ್‌ಗಿಂತ ಕಡಿದು, ಜನರೂ ವಿರಳ. ಸಹಾಯ ಬೇಕಾದರೆ 112 ಅಥವಾ 999ಕ್ಕೆ ಕರೆ ಮಾಡಿ ಬೆಟ್ಟದ ರಕ್ಷಣಾ ತಂಡವನ್ನು ಕೇಳಬೇಕು.

ಬೆಟ್ಟಗಳೆಲ್ಲ ಬೋಳು. ಮರಗಳೇ ಏಕಿಲ್ಲ?

ಸಹ್ಯಾದ್ರಿಯ ಕಣ್ಣಿನಿಂದ ನೋಡಿದವರಿಗೆ ಮೊದಲು ಹೊಳೆಯುವ ಪ್ರಶ್ನೆ ಇದು. ಒಂದು ಕಾಲದಲ್ಲಿ ಮರಗಳಿದ್ದವು. ಸಾವಿರಾರು ವರ್ಷಗಳ ಹಿಂದೆ ಬೇಸಾಯಗಾರರು ಕಾಡು ಕಡಿದರು, ಹವಾಮಾನ ತೇವವಾಯಿತು, ನೀರು ಇಂಗದೆ ನಿಂತಿತು. ನಿಂತ ನೀರಿನಲ್ಲಿ ಸ್ಫ್ಯಾಗ್ನಮ್ ಎಂಬ ಪಾಚಿ ಬೆಳೆಯಿತು. ಸತ್ತ ಪಾಚಿ ಕೊಳೆಯಲು ಗಾಳಿ ಸಿಗದೆ ಪದರ ಪದರವಾಗಿ ಕೂಡಿಕೊಂಡು ಬಾಗ್ ಎಂಬ ಕರಿಯ ಜೌಗು ನೆಲವಾಯಿತು. ಇಲ್ಲಿ ಅದು ಕಣಿವೆ, ದಿಬ್ಬ ಎನ್ನದೆ ಎಲ್ಲದರ ಮೇಲೂ ಕಂಬಳಿಯಂತೆ ಹರಡಿದೆ. ಮೇಯೋದ ಕೇಜ಼್ ಫೀಲ್ಡ್ಸ್‌ನಲ್ಲಿ ಈ ಕರಿನೆಲದ ಅಡಿಯಿಂದ ಐದು ಸಾವಿರ ವರ್ಷಗಳಿಗೂ ಹಳೆಯದೆಂದು ಹೇಳಲಾಗುವ ಹೊಲಗಳ ಕಲ್ಲುಗೋಡೆಗಳು ಸಿಕ್ಕಿವೆ.

ಈ ನೆಲವನ್ನೇ ಕತ್ತರಿಸಿ ಒಣಗಿಸಿದರೆ ಟರ್ಫ್ ಎಂಬ ಉರುವಲು. ಮೇ ತಿಂಗಳಲ್ಲಿ ರಸ್ತೆಯ ಬದಿಯಲ್ಲಿ ಉದ್ದಕ್ಕೆ ಕೊಯ್ದ ಕಪ್ಪು ಗೋಡೆ ಕಂಡರೆ ಒಂದು ನಿಮಿಷ ನಿಂತು ನೋಡಿ. ಸ್ಲಾನ್ ಎಂಬ, ಒಂದು ಬದಿಗೆ ರೆಕ್ಕೆಯಿರುವ ಗುದ್ದಲಿಯಿಂದ ತೆಗೆದ ಹೆಂಟೆ ಮೊದಲು ಒದ್ದೆ ಬೆಣ್ಣೆಯಷ್ಟು ಮೆತ್ತಗಿರುತ್ತದೆ, ಒತ್ತಿದರೆ ಕಂದು ನೀರು ಬೆರಳ ಸಂದಿಯಲ್ಲಿ ಇಳಿಯುತ್ತದೆ. ಒಂದೆರಡು ವಾರ ನೆಲದ ಮೇಲೆ ಹರಡಿ ಮೇಲ್ಮೈ ಗಟ್ಟಿಯಾದ ಮೇಲೆ ಐದಾರು ಹೆಂಟೆಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸಿ, ನಡುವೆ ಗಾಳಿಯಾಡಲು ಬಿಡುತ್ತಾರೆ. ಒಣಗಿದಾಗ ಅದೇ ಹೆಂಟೆ ಹಗುರವಾಗಿ ತೊಗಟೆಯಂತಾಗಿರುತ್ತದೆ. ಕೆಲವೊಮ್ಮೆ ಒಳಗೆ ಹಳೆಯ ಪೈನ್ ಮರದ ಬೇರು ಹಾಗೆಯೇ ಸಿಗುತ್ತದೆ. ಇದರ ಹೊಗೆಯ ವಾಸನೆ ಊರಿಗೂರನ್ನೇ ಹಿಡಿದಿರುತ್ತದೆ. ಜೌಗು ನೆಲ ಇಂಗಾಲವನ್ನು ಹಿಡಿದಿಡುವುದರಿಂದ ಕೊಯ್ಯುವುದನ್ನು ನಿಲ್ಲಿಸಬೇಕೆಂದು ಪರಿಸರದವರು, ನಮ್ಮ ಒಲೆಯನ್ನು ಮುಟ್ಟಬೇಡಿ ಎಂದು ಹಳ್ಳಿಯವರು. ಈ ಜಗಳ ಇನ್ನೂ ಮುಗಿದಿಲ್ಲ, ಅತಿಥಿಗಳಾಗಿ ಹೋದವರು ತೀರ್ಪು ಕೊಡದಿರುವುದು ಒಳ್ಳೆಯದು.

ಇಷ್ಟು ಚೆಂದದ ಜಾಗದಲ್ಲಿ ಜನವೇ ಇಲ್ಲವಲ್ಲ?

ಇದ್ದರು. ಇಲ್ಲಿಯ ನಿರ್ಜನತೆಯನ್ನು ಪ್ರಕೃತಿಯ ಕೊಡುಗೆ ಎಂದು ಕೊಂಡಾಡುವ ಪ್ರವಾಸಿ ಬರಹಗಳನ್ನು ಓದಿದರೆ ನನಗೆ ಕಿರಿಕಿರಿಯಾಗುತ್ತದೆ. ಗ್ಲೆನ್‌ವೇ ರಾಷ್ಟ್ರೀಯ ಉದ್ಯಾನವನ್ನೇ ತೆಗೆದುಕೊಳ್ಳಿ. ನೇರ ಗೆರೆ ಎಳೆದಂತಹ ಕಣಿವೆ, ಉದ್ದನೆಯ ಸರೋವರ, ದಡದಲ್ಲಿ ಗೋಪುರವಿರುವ ಕೋಟೆಮನೆ, ಕೆಂಪು ಜಿಂಕೆಗಳು. 2001ರಿಂದ ಸ್ಕಾಟ್ಲೆಂಡಿನಿಂದ ತಂದು ಬಿಟ್ಟ ಚಿನ್ನದ ಗರುಡಗಳೂ ಇವೆ. ಎಲ್ಲರೂ ಆ ಕೋಟೆಯ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ಅದನ್ನು ಕಟ್ಟಿಸಿದವನು ಜಾನ್ ಜಾರ್ಜ್ ಅಡೇರ್ ಎಂಬ ಜಮೀನ್ದಾರ. 1860ರಲ್ಲಿ ಅವನ ಕುರಿಗಳ ಮೇಲ್ವಿಚಾರಕ ಜೇಮ್ಸ್ ಮರೆಯ ಕೊಲೆಯಾಯಿತು. ಕೊಂದವರು ಯಾರೆಂದು ಪತ್ತೆಯಾಗಲಿಲ್ಲ. ಅಡೇರ್ ಊರಿಗೆ ಊರನ್ನೇ ಹೊಣೆ ಮಾಡಿದ. 1861ರ ಏಪ್ರಿಲ್‌ನಲ್ಲಿ ಪೊಲೀಸ್ ಕಾವಲಿನೊಂದಿಗೆ ಬಂದ ತಂಡ ಡೆರಿವೇ ಬೆಟ್ಟದ ಗೇಣಿದಾರರನ್ನು ಮನೆಗಳಿಂದ ಹೊರಗೆ ಹಾಕಿ, ಹಲವು ಮನೆಗಳ ಚಾವಣಿ ಕಿತ್ತುಹಾಕಿತು. ಬೀದಿಗೆ ಬಿದ್ದವರು 244 ಜನ. ಕೆಲವರು ಬಡವರ ಆಶ್ರಯಗೃಹ ಸೇರಿದರು, ಹಲವು ಯುವಕ ಯುವತಿಯರನ್ನು ಪರಿಹಾರ ನಿಧಿಯೊಂದು ಆಸ್ಟ್ರೇಲಿಯಾಕ್ಕೆ ಕಳುಹಿಸಿತು. ಖಾಲಿಯಾದ ನೆಲದ ಮೇಲೆ ಎದ್ದದ್ದು ಈ ಕೋಟೆ.

ಮುಂದೆ ಅದು ಫಿಲಡೆಲ್ಫಿಯಾದ ಹೆನ್ರಿ ಮ್ಯಾಕಿಲ್‌ಹೆನಿಯವರ ಕೈಗೆ ಬಂತು. ತೋಟವನ್ನು ಈಗಿನ ಚೆಲುವಿಗೆ ತಂದವರು ಅವರು. ಜಮೀನನ್ನು ಸರ್ಕಾರಕ್ಕೆ ಮಾರಿ, ಕೊನೆಗೆ ಕೋಟೆಯನ್ನೂ ದೇಶಕ್ಕೆ ಬಿಟ್ಟುಕೊಟ್ಟರು. ಹೋಗಿ, ನೋಡಿ, ತೋಟದಲ್ಲಿ ಒಂದು ಮಧ್ಯಾಹ್ನ ಕಳೆಯಿರಿ. ಆದರೆ ನೋಡುತ್ತಿರುವುದು ಏನೆಂದು ತಿಳಿದು ನೋಡಿ. ಖಾಸಗಿ ಕಾರುಗಳಿಗೆ ಕೋಟೆಯವರೆಗೆ ಪ್ರವೇಶವಿಲ್ಲ, ಪ್ರವೇಶದ್ವಾರದಿಂದ ಶಟಲ್ ಬಸ್ ಅಥವಾ ನಡಿಗೆ.

ಉಳಿದ ಕಡೆ ಕಾಣುವ ಚಾವಣಿಯಿಲ್ಲದ ಮನೆಗಳ ಹಿಂದೆ 1845ರಿಂದ ಶುರುವಾದ ಆಲೂಗಡ್ಡೆ ಬರ, ಅದರ ನಂತರದ ವಲಸೆ ಇವೆ. ಹೊಸ ಮನೆಗಳ ಗೋಡೆಗಳಲ್ಲೂ ದೊಡ್ಡ ಬಿರುಕುಗಳು ಕಂಡರೆ ಅದು ಬೇರೆಯೇ ಕಥೆ. ಅಭ್ರಕದಂತಹ ಖನಿಜಗಳು ಹೆಚ್ಚಾಗಿ ಸೇರಿದ್ದ ಕಳಪೆ ಕಾಂಕ್ರೀಟ್ ಇಟ್ಟಿಗೆಗಳಿಂದ ಡೊನೆಗಾಲ್‌ನ ಸಾವಿರಾರು ಮನೆಗಳು ಪುಡಿಯಾಗುತ್ತಿವೆ. ಅಂಥ ಮನೆಗಳ ಮುಂದೆ ನಿಂತು ಕ್ಯಾಮೆರಾ ತೆಗೆಯಬೇಡಿ.

ಸ್ಲೈಗೋದಲ್ಲಿ ಏನು ನೋಡಬೇಕು? ಯೇಟ್ಸ್ ಸಮಾಧಿ ಮಾತ್ರವೇ?

ಕನ್ನಡದ ಓದುಗರಿಗೆ ಸ್ಲೈಗೋ ಐರಿಷ್ ಕವಿ ಯೇಟ್ಸ್‌ನಿಂದಾಗಿಯೇ ಪರಿಚಿತ. ಯು.ಆರ್. ಅನಂತಮೂರ್ತಿಯವರು ಅವನ ಕವನಗಳನ್ನು ಕನ್ನಡಕ್ಕೆ ತಂದರು, ಟಾಗೋರರ ಗೀತಾಂಜಲಿಯ ಇಂಗ್ಲಿಷ್ ರೂಪಕ್ಕೆ 1912ರಲ್ಲಿ ಮುನ್ನುಡಿ ಬರೆದವನೂ ಅವನೇ. 1939ರಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡ ಕವಿಯ ಅವಶೇಷಗಳನ್ನು 1948ರಲ್ಲಿ ತಂದು ಬೆನ್‌ಬುಲ್ಬೆನ್ ಅಡಿಯ ಡ್ರಮ್‌ಕ್ಲಿಫ್ ಚರ್ಚಿನ ಅಂಗಳದಲ್ಲಿ ಹೂಳಿದರು. ತಂದದ್ದು ನಿಜವಾಗಿ ಅವನ ಮೂಳೆಗಳೇ ಎಂಬ ಬಗ್ಗೆ ಇಂದಿಗೂ ವಾದವಿದೆ. ಕಲ್ಲು ಸರಳವಾಗಿದೆ, ಐದು ನಿಮಿಷ ಸಾಕು.

ಬೆಟ್ಟಕ್ಕೆ ಹೆಚ್ಚು ಹೊತ್ತು ಕೊಡಿ. 526 ಮೀಟರಿನ ಬೆನ್‌ಬುಲ್ಬೆನ್ ಮೇಲೆ ಗಟ್ಟಿ ಸುಣ್ಣಕಲ್ಲು, ಕೆಳಗೆ ಮೆದು ಪದರಶಿಲೆ. ಹಿಮಯುಗದ ಹಿಮನದಿಗಳು ಬದಿಗಳನ್ನು ಕೆತ್ತಿಹೋದ ಮೇಲೆ ನೀರು ಅದನ್ನು ನೆರಿಗೆ ನೆರಿಗೆಯಾಗಿ ಕೊರೆಯಿತು. ಉತ್ತರದ ಮುಖ ಹತ್ತಲು ಹೋಗಬೇಡಿ, ಅಪಾಯ. ಅದರ ಬುಡದಲ್ಲಿ ಗೋರ್ಟರೋವಿ ಎಂಬಲ್ಲಿ ಐದೂವರೆ ಕಿಲೋಮೀಟರಿನ ಸುತ್ತುದಾರಿ ಇದೆ, ಮಕ್ಕಳೂ ನಡೆಯಬಹುದು. ಎದುರಿನ ನಾಕ್ನರೇ ಬೆಟ್ಟದ (327 ಮೀಟರ್) ತುದಿಯಲ್ಲಿ ದಂತಕಥೆಯ ರಾಣಿ ಮೇವ್‌ಳದೆಂದು ಹೇಳುವ ಬೃಹತ್ ಕಲ್ಲುಗುಡ್ಡೆಯಿದೆ. ಸುಮಾರು ಐದು ಸಾವಿರ ವರ್ಷ ಹಳೆಯದು, ಇನ್ನೂ ಅಗೆದು ನೋಡಿಲ್ಲ. ದಯವಿಟ್ಟು ಅದರ ಮೇಲೆ ಹತ್ತಬೇಡಿ, ಕಲ್ಲು ತರಬೇಡಿ.

ಮೌಂಟ್‌ಬ್ಯಾಟನ್ ಸತ್ತದ್ದು ಇಲ್ಲೇ ಅಲ್ಲವೇ?

ಹೌದು, ಸ್ಲೈಗೋದ ಮುಲ್ಲಾಮೋರ್ ಬಂದರಿನ ಹೊರಗೆ. ಅಲ್ಲಿಯ ಕ್ಲಾಸಿಬಾನ್ ಕೋಟೆ ಅವರ ಕುಟುಂಬದ ಬೇಸಿಗೆ ಮನೆಯಾಗಿತ್ತು. 1979ರ ಆಗಸ್ಟ್ 27ರಂದು ಐ.ಆರ್.ಎ. ಎಂಬ ಐರಿಷ್ ಸಶಸ್ತ್ರ ಸಂಘಟನೆ ಮೌಂಟ್‌ಬ್ಯಾಟನ್ ಅವರ ಮೀನುಗಾರಿಕೆ ದೋಣಿಯಲ್ಲಿ ಬಾಂಬ್ ಸ್ಫೋಟಿಸಿತು. ಭಾರತದ ಕೊನೆಯ ವೈಸ್‌ರಾಯ್ ಜೊತೆಗೆ ಇಬ್ಬರು ಹುಡುಗರೂ ಸೇರಿ ಒಟ್ಟು ನಾಲ್ವರು ಸತ್ತರು. ಕೋಟೆ ಖಾಸಗಿ ಸ್ವತ್ತು, ರಸ್ತೆಯಿಂದ ನೋಡಬಹುದು. ಚಳಿಗಾಲದಲ್ಲಿ ಇದೇ ತೀರಕ್ಕೆ ದೈತ್ಯ ಅಲೆಗಳ ಮೇಲೆ ಸರ್ಫಿಂಗ್ ಮಾಡುವವರು ಬರುತ್ತಾರೆ. ಸ್ವಲ್ಪ ದಕ್ಷಿಣದ ಸ್ಟ್ರೀಡಾ ಮರಳತೀರದಲ್ಲಿ 1588ರ ಸೆಪ್ಟೆಂಬರ್‌ನಲ್ಲಿ ಸ್ಪೇನಿನ ನೌಕಾಪಡೆಯ ಮೂರು ಹಡಗುಗಳು ಒಡೆದು ಸಾವಿರಕ್ಕೂ ಹೆಚ್ಚು ಜನ ಸತ್ತರು. 2015ರಲ್ಲಿ ಆ ಹಡಗುಗಳ ಪೈಕಿ ಒಂದರ ಕಂಚಿನ ಫಿರಂಗಿಗಳನ್ನು ಮೇಲೆತ್ತಿದ್ದಾರೆ.

ಬೀಚುಗಳಲ್ಲಿ ಈಜಬಹುದೇ?

ಬಣ್ಣ ನೋಡಿ ಮೋಸಹೋಗಬೇಡಿ. ನೀರು ಬೇಸಿಗೆಯ ಕೊನೆಗೂ 15 ಡಿಗ್ರಿಯ ಸುತ್ತಮುತ್ತ. ಮ್ಯಾಲಿನ್ ಬೆಗ್‌ನ ಬೆಳ್ಳಿ ಮರಳಿನ ತೀರ, ಕುದುರೆಲಾಳದ ಆಕಾರದ ಕೊಲ್ಲಿಯ ತಳದಲ್ಲಿದೆ, ನೂರಕ್ಕೂ ಹೆಚ್ಚು ಮೆಟ್ಟಿಲಿಳಿದು ಹೋಗಬೇಕು. ಈ ಕಡೆಯ ತೀರಗಳಲ್ಲಿ ನನಗೆ ಅತಿ ಇಷ್ಟವಾದದ್ದು ಅದೇ. ಒಳಸೆಳೆತವಿರುವ ತೀರಗಳು ಹಲವು. ಜೀವರಕ್ಷಕರಿರುವುದು ಬೇಸಿಗೆಯಲ್ಲಿ, ಅದೂ ಕೆಲವು ತೀರಗಳಲ್ಲಿ ಮಾತ್ರ. ಬಾವುಟಗಳ ನಡುವೆಯೇ ಇರಿ. ಉಬ್ಬರ ಇಳಿತದ ವೇಳಾಪಟ್ಟಿ ನೋಡದೆ ಮರಳಿನ ಮೇಲೆ ಕಾರು ನಿಲ್ಲಿಸಿದವರ ಕಾರು ಕಡಲ ಪಾಲಾದ ಸುದ್ದಿ ಆಗಾಗ ಬರುತ್ತಿರುತ್ತದೆ.

ಫ್ಯಾನಡ್ ದೀಪಸ್ತಂಭ, ಮ್ಯಾಲಿನ್ ಹೆಡ್ ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ?

ಫ್ಯಾನಡ್. ಮ್ಯಾಲಿನ್ ಹೆಡ್ ಐರ್ಲೆಂಡ್ ಮುಖ್ಯಭೂಮಿಯ ಉತ್ತರದ ತುದಿ, 1805ರ ಕಾವಲು ಗೋಪುರವಿದೆ, ಚಳಿಗಾಲದ ಕೆಲವು ರಾತ್ರಿ ಅದೃಷ್ಟವಿದ್ದರೆ ಧ್ರುವಪ್ರಭೆಯೂ ಕಾಣುತ್ತದೆ. ಆದರೆ ಹಗಲಿನಲ್ಲಿ 'ತುದಿ ಮುಟ್ಟಿದೆವು' ಎಂಬ ಸಂತೋಷದ ಜಾಗ ಅದು. ಫ್ಯಾನಡ್‌ಗೆ ಕಥೆಯೂ ಇದೆ. 1811ರ ಡಿಸೆಂಬರ್‌ನಲ್ಲಿ ಸಾಲ್ಡಾನಾ ಎಂಬ ಬ್ರಿಟಿಷ್ ಯುದ್ಧನೌಕೆ ಇಲ್ಲಿ ಒಡೆದು, ಅದರಲ್ಲಿದ್ದವರೆಲ್ಲ ಮುಳುಗಿದರು. ಬದುಕಿ ದಡ ಸೇರಿದ್ದು ಹಡಗಿನ ಹೆಸರಿದ್ದ ಬೆಳ್ಳಿಪಟ್ಟಿ ಕೊರಳಲ್ಲಿದ್ದ ಗಿಳಿಯೊಂದೇ ಎಂದು ಹೇಳುತ್ತಾರೆ. ಆ ದುರಂತದ ನಂತರವೇ ದೀಪಸ್ತಂಭಕ್ಕೆ ಒತ್ತಾಯ ಬಂತು, 1817ರಲ್ಲಿ ದೀಪ ಹೊತ್ತಿತು.

ದ್ವೀಪಗಳಿಗೆ ಹೋಗಬಹುದೇ?

ಬರ್ಟನ್‌ಪೋರ್ಟ್‌ನಿಂದ ಆರನ್‌ಮೋರ್‌ಗೆ ಕಾರು ಸಾಗಿಸುವ ದೋಣಿ ದಿನಕ್ಕೆ ಹಲವು ಬಾರಿ. ಟೋರಿ ದ್ವೀಪಕ್ಕೆ ಮಾಹರೊರ್ಟಿಯಿಂದ ಮುಕ್ಕಾಲು ಗಂಟೆಯ ಪಯಣ, ಕಡಲು ಒರಟು, ವಾಂತಿ ಮಾತ್ರೆ ಇಟ್ಟುಕೊಳ್ಳಿ. ಸುಮಾರು ನೂರೈವತ್ತು ಜನರ ಆ ದ್ವೀಪಕ್ಕೆ ತನ್ನದೇ ರಾಜನನ್ನು ಆರಿಸುವ ಸಂಪ್ರದಾಯವಿತ್ತು. ಅಧಿಕಾರವೇನೂ ಇಲ್ಲ, ದಕ್ಕೆಗೆ ಬಂದು ಅತಿಥಿಗಳನ್ನು ಸ್ವಾಗತಿಸುವುದೇ ರಾಜಕಾರ್ಯ. 2018ರಲ್ಲಿ ತೀರಿಕೊಂಡ ಪ್ಯಾಟ್ಸಿ ಡ್ಯಾನ್ ರಾಜರ್ಸ್ ಚಿತ್ರಕಾರರೂ ಆಗಿದ್ದರು.

ಫಲಕಗಳಲ್ಲಿ ಇಂಗ್ಲಿಷೇ ಇಲ್ಲ, ದಾರಿ ತಪ್ಪುತ್ತೇವೆಯೇ?

ಐರಿಷ್ ಮಾತಾಡುವ ಗೇಲ್‌ಟಾಕ್ಟ್ ಪ್ರದೇಶದಲ್ಲಿ ಊರಿನ ಹೆಸರು ಐರಿಷ್‌ನಲ್ಲಿ ಮಾತ್ರ ಇರುತ್ತದೆ. ನಕ್ಷೆಯ 'ಡಂಗ್ಲೋ' ಫಲಕದಲ್ಲಿ 'ಅನ್ ಕ್ಲೊಹಾನ್ ಲಿಯಾ' ಆಗಿರುತ್ತದೆ, ಎರಡಕ್ಕೂ ಉಚ್ಚಾರದಲ್ಲಿ ಯಾವ ಸಂಬಂಧವೂ ಇಲ್ಲ. ಹೊರಡುವ ಮುನ್ನ ಎರಡೂ ಹೆಸರು ಬರೆದಿಟ್ಟುಕೊಳ್ಳಿ. ಎಲ್ಲರಿಗೂ ಇಂಗ್ಲಿಷ್ ಬರುತ್ತದೆ, ಆದರೆ ಅವರ ನುಡಿ ಕೇಳಬೇಕಾದರೆ ಗ್ವೀಡೋರ್ ಕಡೆಯ ಅಂಗಡಿಯಲ್ಲಿ ಸಾಲಿನಲ್ಲಿ ಸುಮ್ಮನೆ ನಿಲ್ಲಿ.

ಸಸ್ಯಾಹಾರಿಗಳ ಗತಿ?

ಉಪವಾಸವೇನೂ ಇಲ್ಲ, ವೈಭವವೂ ಇಲ್ಲ. ಕಂದು ಸೋಡಾ ಬ್ರೆಡ್, ಬೆಣ್ಣೆ, ಚೀಸ್ ಟೋಸ್ಟ್ ಎಲ್ಲೆಡೆ ಸಿಗುತ್ತವೆ. ಸೂಪಿನ ನೀರು ಕೋಳಿಯದೇ ಎಂದು ಕೇಳಿ. ಚಿಪ್ಸ್ ಕರಿದ ಎಣ್ಣೆಯಲ್ಲೇ ಮೀನೂ ಕರಿದಿರುತ್ತಾರೆ. ಹಳ್ಳಿಯ ಪಬ್‌ಗಳ ಅಡುಗೆಮನೆ ರಾತ್ರಿ ಎಂಟು, ಎಂಟೂವರೆಗೆ ಮುಚ್ಚುತ್ತದೆ. ಲೆಟರ್‌ಕೆನಿಯಲ್ಲಿ ಭಾರತೀಯ ಹೋಟೆಲ್, ದಿನಸಿ ಎರಡೂ ಇವೆ. ಅಲ್ಲಿ ಟಿ.ಸಿ.ಎಸ್. ಕಚೇರಿ 2020ರಿಂದ ಇದೆ, ಆಸ್ಪತ್ರೆಯಲ್ಲೂ ನಮ್ಮ ಕಡೆಯ ದಾದಿಯರಿದ್ದಾರೆ. ಮೀನು ತಿನ್ನುವವರು ಕಿಲ್ಲಿಬೆಗ್ಸ್ ಬಿಟ್ಟು ಹೋಗಬಾರದು, ದೇಶದ ಅತಿ ದೊಡ್ಡ ಮೀನುಗಾರಿಕೆ ಬಂದರು ಅದು.

ಸೊಳ್ಳೆಗಳಿವೆಯೇ?

ಅದಕ್ಕಿಂತ ಕೆಟ್ಟದ್ದಿದೆ. ಮಿಡ್ಜ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ. ಮೇಯಿಂದ ಸೆಪ್ಟೆಂಬರ್‌ವರೆಗೆ, ಗಾಳಿಯಿಲ್ಲದ ಮುಂಜಾನೆ ಮತ್ತು ಸಂಜೆ ಮೋಡದಂತೆ ಮುತ್ತುತ್ತವೆ. ಗ್ಲೆನ್‌ವೇಯಲ್ಲಂತೂ ಕೇಳಲೇಬೇಡಿ. ಗಾಳಿ ಬೀಸಿದರೆ ಮಾಯ. ಎತ್ತರದ ಹುಲ್ಲಿನಲ್ಲಿ ನಡೆದ ಮೇಲೆ ಕಾಲಿಗೆ ಉಣ್ಣೆಹುಳು ಹತ್ತಿದೆಯೇ ಎಂದು ನೋಡಿಕೊಳ್ಳಿ.

ಬೇಲಿ ದಾಟಿ ಹೊಲದೊಳಗೆ ನಡೆಯಬಹುದೇ?

ಸ್ಕಾಟ್ಲೆಂಡಿನಂತೆ ಎಲ್ಲಿ ಬೇಕಾದರೂ ನಡೆಯುವ ಹಕ್ಕು ಇಲ್ಲಿಲ್ಲ. ಹೆಚ್ಚಿನ ಬೆಟ್ಟಗಳು ರೈತರ ಸ್ವಂತ ಅಥವಾ ಜಂಟಿ ಹುಲ್ಲುಗಾವಲು. ಅವರ ಒಳ್ಳೆಯತನದಿಂದ ಹಾದಿಗಳು ತೆರೆದಿವೆ. ತೆರೆದಿದ್ದ ಗೇಟನ್ನು ತೆರೆದೇ ಬಿಡಿ, ಮುಚ್ಚಿದ್ದನ್ನು ಮುಚ್ಚಿ. ನಾಯಿ ಬೇಡ ಎಂಬ ಫಲಕವಿದ್ದರೆ ಬೇಡವೇ ಬೇಡ.

ಎಷ್ಟು ದಿನ ಬೇಕು?

ಎರಡು ದಿನದಲ್ಲಿ 'ಡೊನೆಗಾಲ್ ಮುಗಿಸುವ' ಪಟ್ಟಿಗಳನ್ನು ಹರಿದುಹಾಕಿ. ನಾಲ್ಕು ರಾತ್ರಿಗಳಿದ್ದರೆ ಎರಡೇ ಊರು ಆರಿಸಿ. ನೈಋತ್ಯದಲ್ಲಿ ಆರ್ಡ್ರಾ ಅಥವಾ ಗ್ಲೆನ್‌ಕಾಲಮ್‌ಕಿಲ್, ಉತ್ತರದಲ್ಲಿ ಡನ್‌ಫಾನಹಿ. ಒಂದೇ ಜಾಗದಲ್ಲಿ ಎರಡು ರಾತ್ರಿ ಇದ್ದರೆ ಮೋಡ ಕವಿದ ಬೆಟ್ಟ ಮರುದಿನ ತೆರೆದುಕೊಳ್ಳುವ ಸಾಧ್ಯತೆಯಾದರೂ ಉಂಟು. ದಿನಕ್ಕೊಂದು ಊರು ಬದಲಿಸುವವರು ಮೋಡವನ್ನಷ್ಟೇ ನೋಡಿ ಬರುತ್ತಾರೆ. ಸ್ಲೈಗೋವನ್ನು ಹೋಗುವ ಅಥವಾ ಬರುವ ದಿನಕ್ಕೆ ಇಟ್ಟುಕೊಳ್ಳಿ.

ಊರಿಗೆ ತೆಗೆದುಕೊಂಡು ಹೋಗಲು ಏನಿದೆ?

ಟ್ವೀಡ್ ಎಂಬ ದಪ್ಪ ಉಣ್ಣೆ ಬಟ್ಟೆ. ಆರ್ಡ್ರಾ ಮತ್ತು ಕಿಲ್‌ಕಾರ್ ನೇಕಾರಿಕೆಯ ಊರುಗಳು. ಡೊನೆಗಾಲ್ ಟ್ವೀಡಿನ ಗುರುತು ಬಟ್ಟೆಯ ತುಂಬ ಚದುರಿದ ಬಣ್ಣದ ಚುಕ್ಕೆಗಳು. ನೂಲುವಾಗಲೇ ಬೇರೆ ಬಣ್ಣದ ಉಣ್ಣೆಯ ಚೂರುಗಳನ್ನು ಸೇರಿಸಿರುತ್ತಾರೆ. ಆರ್ಡ್ರಾದ ಕೆಲವು ಅಂಗಡಿಗಳಲ್ಲಿ ಮಗ್ಗ ಓಡುವುದನ್ನೂ ನೋಡಬಹುದು. ಕೋಟು ದುಬಾರಿ, ಬೆಂಗಳೂರಿನಲ್ಲಿ ಹಾಕಿಕೊಳ್ಳುವ ಸಂದರ್ಭವೂ ಕಡಿಮೆ. ಟೋಪಿ ಅಥವಾ ಶಾಲು ಸಾಕು. ವಿಮಾನ ನಿಲ್ದಾಣದಲ್ಲಿ ಕೊಳ್ಳಬೇಡಿ, ಅಲ್ಲಿ ಮಾರುವ ಎಲ್ಲ 'ಐರಿಷ್ ಉಣ್ಣೆ' ಐರ್ಲೆಂಡಿನಲ್ಲೇ ನೇಯ್ದದ್ದಲ್ಲ. ಬಟ್ಟೆಗೆ ಹೊಲಿದ ಲೇಬಲ್ಲಿನ ಹಿಂಬದಿ ತಿರುಗಿಸಿ ಓದಿ.